ಸೋಫಾ ಸಂದಿಯ ಬಿಟ್‌ಕಾಯಿನ್

ಮೂರು ಜನ ಕೂರುವ ಸೋಫಾ ಒಂದಕ್ಕೆ ಹೊಸ ಬಟ್ಟೆ ಹಾಕಲು ಹತ್ತು ಮೀಟರು ಬಟ್ಟೆ ಬೇಕು. ಸಾಧಾರಣ ಬಟ್ಟೆಯಾದರೂ ನಾಲ್ಕು ಸಾವಿರ. ಫೋಮಿಗೆ ಎರಡೂವರೆ ಸಾವಿರ. ಅಡಿಗೆ ಬಿಗಿಯುವ ಪಟ್ಟಿ, ಮೊಳೆ, ಅಂಟು, ದಾರ ಎಲ್ಲ ಸೇರಿ ಆರುನೂರು. ಗಾಡಿಯಲ್ಲಿ ತಂದು ಗಾಡಿಯಲ್ಲಿ ತಲುಪಿಸುವುದಕ್ಕೆ ಒಂಬೈನೂರು. ಅಲ್ಲಿಗೆ ಎಂಟು ಸಾವಿರವಾಯಿತು. ಗಿರಾಕಿಗೆ ನಾವು ಹದಿಮೂರು ಎನ್ನುತ್ತೇವೆ. ಅವರು ಮುಖ ಗಂಟು ಹಾಕಿಕೊಂಡು, ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದು, ಕೊನೆಗೆ ಹನ್ನೊಂದು ಕೊಡುತ್ತಾರೆ. ಉಳಿದ ಮೂರು ಸಾವಿರದಲ್ಲಿ ಅಂಗಡಿ ಬಾಡಿಗೆ, ಕರೆಂಟು, ಎರಡು ಸಂಸಾರ. ಇಷ್ಟಲ್ಲದೆ ನನ್ನ ಬಲ ಭುಜವೂ ಆ ಸೋಫಾದಲ್ಲಿ ಖರ್ಚಾಗುತ್ತದೆ. ಅದಕ್ಕೆ ರೇಟು ಹಾಕಿದವರು ಯಾರೂ ಇಲ್ಲ.

ನನ್ನ ಹೊಲಿಗೆ ಮೆಷಿನ್ನು ಅಂಗಿ, ಲಂಗ ಹೊಲಿಯಲು ಹುಟ್ಟಿದ್ದು. ಅದಕ್ಕೆ ಸೋಫಾದ ದಪ್ಪ ಬಟ್ಟೆ ನಾಲ್ಕು ಪದರ ಕೊಟ್ಟರೆ, ಮದುವೆಗೆ ಒಪ್ಪದ ಹುಡುಗಿಯ ಹಾಗೆ ನಿಂತುಬಿಡುತ್ತದೆ. ಆಗ ನಾನು ಬಲಗೈಯಲ್ಲಿ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆಯನ್ನು ಕೆಳಗೆ ಇಳಿಸಬೇಕು, ಎಡಗೈಯಲ್ಲಿ ಬಟ್ಟೆ ಎಳೆಯಬೇಕು. ಇಂಥ ಕೆಲಸಕ್ಕೆಂದೇ ಭಾರಿ ಮೆಷಿನ್ನು ಇದೆ. ಅದರ ಪಾದ ತಾನೇ ನಡೆದುಕೊಂಡು ಬಟ್ಟೆಯನ್ನು ಎಳೆದುಕೊಂಡು ಹೋಗುತ್ತದೆ. ನಾವು ದಾರಿ ತೋರಿಸಿದರೆ ಸಾಕು. ಹೊಸದಕ್ಕೆ ಒಂದು ಲಕ್ಷ ಹತ್ತು ಸಾವಿರ. ನಮ್ಮನೆಯವರು ಪ್ರತಿ ವರ್ಷ "ಮುಂದಿನ ವರ್ಷ ತಗೊಳ್ಳೋಣ" ಎನ್ನುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಆ ಮುಂದಿನ ವರ್ಷವೇ ಬರುತ್ತಿರಲಿಲ್ಲ.

ನಮ್ಮ ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿದೆ. ಬಾಗಿಲ ಬಳಿ ನಮ್ಮನೆಯವರು, ಬಾಯಿ ತುಂಬ ಮೊಳೆ ಇಟ್ಟುಕೊಂಡು ಬಟ್ಟೆ ಬಿಗಿಯುತ್ತಾರೆ. ಮಧ್ಯದಲ್ಲಿ ನಾನು. ಹಿಂದುಗಡೆ ಮರದ ಪುಡಿಯಲ್ಲಿ ನನ್ನ ತಂಗಿಯ ಗಂಡ. ಚೌಕಟ್ಟು ರಿಪೇರಿ ಮಾಡುವುದು, ಫೋಮು ಕತ್ತರಿಸುವುದು ಅವನ ಕೆಲಸ. ನಮ್ಮನೆಯವರು ಅವನನ್ನು ಮೊದಲಿಂದ "ಷಡ್ಡಕ" ಎಂದೇ ಕೂಗುತ್ತಿದ್ದರು. ಈಗ ಗಿರಾಕಿಗಳೂ "ಷಡ್ಡಕ ಸಾರ್ ಇದ್ದಾರಾ?" ಎಂದು ಕೇಳುತ್ತಾರೆ, ಅದೇ ಅವನ ಹೆಸರು ಅಂದುಕೊಂಡು.

ಈ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ನಮ್ಮನೆಯವರು ಸ್ಪ್ರಿಂಗಿನ ಪಕ್ಷ, ಅವನು ಫೋಮಿನ ಪಕ್ಷ. ಹಿಂದೆ ಒಮ್ಮೆ ಒಬ್ಬರು ರಿಟೈರ್ಡ್ ಹೆಡ್‌ಮೇಡಂ ಕುರ್ಚಿಗೆ ನಮ್ಮನೆಯವರು ಸ್ಪ್ರಿಂಗ್ ಕೂರಿಸಿಟ್ಟಿದ್ದರು. ಷಡ್ಡಕ ಹೇಳದೆ ಕೇಳದೆ ಅದನ್ನು ಕಿತ್ತು ಮೆತ್ತನೆಯ ಫೋಮು ತುಂಬಿದ. ಮೇಡಂ ಬಂದು ಕೂತರು. ಕೂತವರು ಇಳಿಯುತ್ತಾ ಇಳಿಯುತ್ತಾ ಮೊಣಕಾಲು ಕಿವಿಯ ಹತ್ತಿರ ಬಂದಾಗ ನಿಂತರು. ಎಬ್ಬಿಸಲು ಇಬ್ಬರು ಬೇಕಾಯಿತು. ಎಬ್ಬಿಸಿದವರೂ ಅವರಿಬ್ಬರೇ, ಒಂದೊಂದು ಕೈ ಹಿಡಿದುಕೊಂಡು. ಅಂದಿನಿಂದ ಮಾತಿಲ್ಲ. ಮಾತಿಲ್ಲ ಎಂದರೆ, ಎಲ್ಲ ಮಾತೂ ನನ್ನ ಮೂಲಕ.

"ಆ ಮನುಷ್ಯನಿಗೆ ಹೇಳು, ಈ ಸೋಫಾ ಕಾಲು ಇನ್ನೂ ಅಲ್ಲಾಡ್ತಿದೆ ಅಂತ."

"ಅತ್ತಿಗೆ, ಅವರಿಗೆ ಹೇಳಿ, ಅಲ್ಲಾಡ್ತಿರೋದು ಕಾಲಲ್ಲ, ಅವರು ನಿಂತಿರೋ ಹಲಗೆ ಅಂತ."

ಇಬ್ಬರ ಮಧ್ಯೆ ಹದಿನೈದು ಅಡಿ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ನಾನು ಬಾಯಿ ತೆರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಸುಮ್ಮನೆ ಮಧ್ಯದಲ್ಲಿ ಕೂತಿರಬೇಕು, ಅಷ್ಟೇ.

ಇನ್ನು ಸಂದಿ ದುಡ್ಡಿನ ವಿಷಯ. ಹಳೆ ಸೋಫಾ ಬಿಚ್ಚಿದರೆ ಅದರ ಸಂದಿಯಲ್ಲಿ ಏನುಂಟು ಏನಿಲ್ಲ! ಪೆನ್ನು, ಬಾಚಣಿಗೆ, ಒಂಟಿ ಓಲೆ, ಒಮ್ಮೆ ಒಂದು ಸೆಟ್ಟು ಹಲ್ಲು. ಗುರುತು ಸಿಗುವ ಸಾಮಾನನ್ನೆಲ್ಲ ತಪ್ಪದೆ ವಾಪಸು ಕೊಡುತ್ತೇವೆ. ಹಲ್ಲು ಕೊಟ್ಟಾಗ ಆ ಅಜ್ಜ ಅಲ್ಲೇ ಹಾಕಿಕೊಂಡು, ಮೊದಲ ಮಾತಾಗಿ ರೇಟು ಕಡಿಮೆ ಮಾಡಲು ಕೇಳಿದರು. ಚಿಲ್ಲರೆ ನಾಣ್ಯವನ್ನೂ ತೋರಿಸುತ್ತೇವೆ. ಹೆಚ್ಚಿನವರು "ಇರಲಿ ಬಿಡಿ" ಎನ್ನುತ್ತಾರೆ. ಅದೆಲ್ಲ ಒಂದು ಡಬ್ಬಿಗೆ ಬೀಳುತ್ತಿತ್ತು. ಉಳಿದ ಬಟ್ಟೆ ಚೂರಲ್ಲಿ ನಾನು ಹೊಲಿಯುವ ಪುಟ್ಟ ದಿಂಬುಗಳ ದುಡ್ಡೂ ಅದಕ್ಕೇ. ತಿಂಗಳಿಗೆ ಹೆಚ್ಚುಕಡಿಮೆ ಸಾವಿರ. ಮೂವರದ್ದೂ ಸೇರಿದ ದುಡ್ಡು, ಆದ್ದರಿಂದ ಯಾರದ್ದೂ ಅಲ್ಲ. ಟೀ, ಬಿಸ್ಕತ್ತು, ಮತ್ತೆ ಟೀ ಎಂದು ಕರಗಿಹೋಗುತ್ತಿತ್ತು.

ಪಕ್ಕದಲ್ಲಿ ಕನ್ನಡಕದ ಅಂಗಡಿ. ಅದರ ಯಜಮಾನಿಯನ್ನು ನಾವೆಲ್ಲ ಕನ್ನಡಕದಮ್ಮ ಎನ್ನುತ್ತೇವೆ. ಎದುರಿಗಿರುವವರ ಮುಖ ನೋಡಿದರೆ ಸಾಕು, ಅವರಿಗೆ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ಹೇಳಿಬಿಡುವ ಹೆಂಗಸು. ಒಂದು ಸಂಜೆ ನಮ್ಮ ಜೊತೆ ಟೀ ಕುಡಿಯುತ್ತಾ ಡಬ್ಬಿ ನೋಡಿದರು.

"ಇದನ್ನ ಏನು ಮಾಡ್ತೀರಿ?"

"ಈಗ ನೀವು ಕುಡೀತಿದ್ದೀರಲ್ಲ, ಅದೇ," ಎಂದೆ.

"ನಾನು ಆರು ವರ್ಷದಿಂದ ತಿಂಗಳಿಗೊಂದು ಫ್ರೇಮಿನ ದುಡ್ಡು ಬಿಟ್‌ಕಾಯಿನ್‌ಗೆ ಹಾಕ್ತೀನಿ. ನೀವೂ ಹಾಕಿ."

ನಮ್ಮನೆಯವರು ಬಾಯಿಂದ ಮೊಳೆ ತೆಗೆದರು. ಗಂಭೀರ ವಿಷಯಕ್ಕೆ ಮಾತ್ರ ತೆಗೆಯುತ್ತಾರೆ. "ಒಂದು ಬಿಟ್‌ಕಾಯಿನ್ ಎಷ್ಟು ಗೊತ್ತಾ ನಿಮಗೆ?"

"ಇಡೀದು ಬೇಕಂದ್ರೆ ಈ ಬೀದೀನ ಮಾರಬೇಕು. ಆದ್ರೆ ಒಂದನ್ನ ಹತ್ತು ಕೋಟಿ ಚೂರು ಮಾಡಿಟ್ಟಿದ್ದಾರೆ. ನಮಗೆ ಚೂರು ಸಾಕು."

"ಮುಟ್ಟೋಕಾಗಲ್ಲ, ನೋಡೋಕಾಗಲ್ಲ. ಅದೆಂಥ ದುಡ್ಡು?"

"ನಿಮ್ಮ ಸ್ಪ್ರಿಂಗು ಬಟ್ಟೆ ಒಳಗಿರುತ್ತೆ. ಗಿರಾಕಿ ಮುಟ್ಟಿ ನೋಡ್ತಾನಾ?"

ಹಿಂದುಗಡೆಯಿಂದ ಷಡ್ಡಕ ಕಿಸಕ್ಕೆಂದ. ನಮ್ಮನೆಯವರ ಕಿವಿ ಕೆಂಪಾಯಿತು.

ಕನ್ನಡಕದಮ್ಮ ಆಸೆ ತೋರಿಸಿ ಬಿಡುವವರಲ್ಲ, ಭಯವನ್ನೂ ತೋರಿಸಿದರು. "ಇದು ಬೀಳುತ್ತೆ. ಅರ್ಧಕ್ಕರ್ಧ ಬೀಳುತ್ತೆ. ಸೊನ್ನೆ ಆದ್ರೂ ನಿದ್ದೆ ಬರೋಷ್ಟು ಮಾತ್ರ ಹಾಕಿ. ಬಾಡಿಗೆ ದುಡ್ಡು, ಮಕ್ಕಳ ಫೀಸು ಮುಟ್ಟಿದ್ರೆ ನಾನು ನಿಮ್ಮ ಜೊತೆ ಟೀ ಕುಡಿಯಲ್ಲ. ತಿಂಗಳಿಗೊಂದು ಸಲ ತಗೊಳ್ಳಿ, ಬೆಲೆ ಏರಿರ್ಲಿ ಇಳಿದಿರ್ಲಿ. ತಗೊಂಡು ಮರೆತುಬಿಡಿ. ಏನಕ್ಕೆ ಅಂತ ಇಡ್ತೀರೋ ಅದು ಬೇಕಾದ ದಿನ ಮಾರಿ. ಬೆಲೆ ನೋಡ್ಕೊಂಡು ಮಾರೋಕೆ ಹೋಗಬೇಡಿ, ಆ ಆಟ ನಮಗೆ ಬರಲ್ಲ."

ಏನಕ್ಕೆ ಎಂಬುದರಲ್ಲಿ ಚರ್ಚೆಯೇ ಆಗಲಿಲ್ಲ. ಮೆಷಿನ್ನಿಗೆ. ನನ್ನ ಹೊಲಿಗೆ ನಿಂತರೆ ಇಬ್ಬರ ಕೆಲಸವೂ ನಿಲ್ಲುತ್ತದೆ ಎಂಬುದೊಂದು ವಿಷಯದಲ್ಲಿ ಸ್ಪ್ರಿಂಗ್ ಪಕ್ಷಕ್ಕೂ ಫೋಮ್ ಪಕ್ಷಕ್ಕೂ ಒಮ್ಮತವಿತ್ತು.

ಯಾರ ಫೋನಿನಲ್ಲಿ ಇಡುವುದು ಎಂಬಲ್ಲಿ ಜಗಳ ಹತ್ತಿತು. "ಆ ಮನುಷ್ಯನ ಫೋನಲ್ಲಿಟ್ರೆ ಬೆಳಗಾಗೋದ್ರೊಳಗೆ ಬೈಕ್ ಆಗಿರುತ್ತೆ." "ಅತ್ತಿಗೆ, ಅವರ ಫೋನಲ್ಲಿಟ್ರೆ ಅವರು ಫೋನನ್ನೇ ಸೋಫಾ ಒಳಗಿಟ್ಟು ಮೊಳೆ ಹೊಡೀತಾರೆ." ಆಗ ಕನ್ನಡಕದಮ್ಮ ಒಂದು ಉಪಾಯ ಹೇಳಿದರು. ಮೂರು ಫೋನು, ಮೂರು ಬೀಗದ ಕೈ. ದುಡ್ಡು ಹೊರಗೆ ತೆಗೆಯಬೇಕೆಂದರೆ ಮೂವರಲ್ಲಿ ಯಾರಾದರೂ ಇಬ್ಬರು ಒತ್ತಬೇಕು. ಒಬ್ಬರ ಫೋನು ಕಳೆದರೂ ಉಳಿದಿಬ್ಬರು ತೆಗೆಯಬಹುದು. ಒಬ್ಬರಿಗೆ ಹುಚ್ಚು ಹಿಡಿದರೆ ತೆಗೆಯಲಾಗದು.

"ಇಬ್ಬರಿಗೆ ಹಿಡಿದ್ರೆ?" ನಮ್ಮನೆಯವರು ಕೇಳಿದರು.

ಕನ್ನಡಕದಮ್ಮ ಅವರನ್ನೊಮ್ಮೆ, ಷಡ್ಡಕನನ್ನೊಮ್ಮೆ ನೋಡಿದರು. "ನಿಮ್ಮಿಬ್ಬರಿಗೆ ಒಂದೇ ದಿನ ಒಂದೇ ಹುಚ್ಚು ಹಿಡಿಯುತ್ತಾ?"

ಇಬ್ಬರೂ ಒಂದೊಂದು ಗೋಡೆ ನೋಡಿಕೊಂಡು ನಿಂತರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅದರಷ್ಟು ಭದ್ರವಾದ ಬೀಗವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮೊದಲ ವರ್ಷವೇ ಬೆಲೆ ಜಾರಿತು. ನಾನು ನೋಡುತ್ತಿರಲಿಲ್ಲ. ಆದರೆ ನಮ್ಮನೆಯವರು ದಿನಾ ಬೆಳಿಗ್ಗೆ ಶಟರ್ ಎತ್ತುತ್ತಲೇ ಹವಾಮಾನ ವರದಿಯ ಹಾಗೆ ಹೇಳುತ್ತಿದ್ದರು. "ಒಂಬತ್ತು ಸಾವಿರ ಹಾಕಿದ್ದು ಆರಾಗಿದೆ. ಅವನಿಗೆ ಹೇಳು, ಮಾರಿಬಿಡೋಣ."

"ಅತ್ತಿಗೆ, ಅವರು ಮಾರೋಣ ಅಂದ್ರೆ ಅದು ಏರುತ್ತೆ ಅಂತಾನೇ ಅರ್ಥ. ನಾನು ಒತ್ತಲ್ಲ."

ಏರಿತು. ಆಗ ಷಡ್ಡಕನ ಕೈ ಕಡಿಯತೊಡಗಿತು. "ಅತ್ತಿಗೆ, ಲಾಭ ಬಂದಾಗ ತೆಗೀಬೇಕು. ಅವರಿಗೆ ಹೇಳಿ."

"ಅವನು ತೆಗೀಬೇಕು ಅಂದಮೇಲೆ ನಾನು ಸತ್ರೂ ತೆಗಿಯಲ್ಲ ಅಂತ ಹೇಳು."

ಹೀಗೆ ವರ್ಷಗಳು ಕಳೆದವು. ಬೇರೆ ಮನೆಗಳಲ್ಲಿ ಗಂಡಸರು ಹೊಂದಿಕೊಂಡು ಹೋಗಲಿ ಎಂದು ಹೆಂಗಸರು ಹರಕೆ ಹೊರುತ್ತಾರಂತೆ. ನಾನು ಬೆಳಿಗ್ಗೆ ಅಂಗಡಿಗೆ ಬಂದು ಇಬ್ಬರ ಮುಖ ಊದಿಕೊಂಡಿದೆಯೇ ಎಂದು ನೋಡಿ, ಊದಿಕೊಂಡಿದ್ದರೆ ನೆಮ್ಮದಿಯಿಂದ ದಾರ ಪೋಣಿಸುತ್ತಿದ್ದೆ.

ನಾಲ್ಕನೇ ವರ್ಷದ ಮೊದಲಲ್ಲಿ ಒಂದು ದಿನ ವರದಿ ಬಂತು: ಒಂದು ಲಕ್ಷ ನಾಲ್ಕು ಸಾವಿರ. ಷಡ್ಡಕ ಓಡಿ ಬಂದ. "ಅತ್ತಿಗೆ, ಇನ್ನಾರು ಸಾವಿರ ಸೇರಿಸಿದ್ರೆ ಹೊಸ ಮೆಷಿನ್ನು. ನಾನು ಎಲ್ಲಿಂದಾದ್ರೂ ತರ್ತೀನಿ, ಒತ್ತಿಬಿಡಿ."

"ಎಲ್ಲಿಂದ ತರ್ತಾನಂತೆ, ಕೇಳು," ಎಂದರು ನಮ್ಮನೆಯವರು. "ಎರಡು ಲಕ್ಷ ಆಗುತ್ತೆ, ಸುಮ್ಮನಿರೋಕೆ ಹೇಳು."

ಎರಡು ಲಕ್ಷವಾದರೆ ಮೆಷಿನ್ನೂ ಬರುತ್ತದೆ, ಹೆಚ್ಚುಕಡಿಮೆ ಇನ್ನೊಂದು ಮೆಷಿನ್ನಿನ ದುಡ್ಡೂ ಉಳಿಯುತ್ತದೆ. ಈ ಲೆಕ್ಕ ನನ್ನ ತಲೆಗೂ ಹೊಕ್ಕಿತು. ಒತ್ತಲಿಲ್ಲ. ಅದಾದ ಮೇಲೆ ಬೆಲೆ ಇಳಿಯಿತು. ಹೆಡ್‌ಮೇಡಂ ಕುರ್ಚಿಯಲ್ಲಿ ಇಳಿದ ಹಾಗೆ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಇಳಿಯಿತು. ಅರವತ್ತರ ಆಸುಪಾಸಿಗೆ ಬಂದು ಕೂತಿತು. ಕಾಯೋಣ, ಹಿಂದೆಯೂ ಇಳಿದು ಏರಿದೆ ಎಂದುಕೊಂಡೆ. ಇಬ್ಬರಿಗೂ ಜಗಳವಿದೆ, ನನಗೇನು ಭಯ?

ಆಗಲೇ ಸಿನಿಮಾ ಮಂದಿರದ ಕೆಲಸ ಬಂತು. ನೂರ ಎಂಬತ್ತು ಕುರ್ಚಿ, ಎಲ್ಲಕ್ಕೂ ಹೊಸ ರೆಕ್ಸಿನ್ನು, ಒಂದು ತಿಂಗಳ ಗಡುವು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರಿಂದ ಗಂಡಸರು ಅಲ್ಲಿಗೇ ಹೋಗಿ ಮಾಡಬೇಕು. ನಾನು ಅಂಗಡಿಯಲ್ಲಿ ಕವರು ಹೊಲಿದು ಕಳಿಸಬೇಕು. ಅವರಿಬ್ಬರೇ, ಮಧ್ಯದಲ್ಲಿ ನಾನಿಲ್ಲದೆ! ಇದು ನನಗೆ ಮೊದಲೇ ಹೊಳೆಯಬೇಕಿತ್ತು. ರೆಕ್ಸಿನ್ನು ನಾಲ್ಕು ಪದರ ಹೊಲಿಯುವವಳಿಗೆ ಬೇರೆ ಏನೂ ಹೊಳೆಯುವುದಿಲ್ಲ.

ಮೊದಲೆರಡು ದಿನ ಸನ್ನೆಯಲ್ಲೇ ನಡೆಯಿತಂತೆ. ಮೂರನೇ ದಿನ ಷಡ್ಡಕ ಒಂದು ಕುರ್ಚಿಯ ಅಡಿಗೆ ನುಸುಳಿ ಬೋಲ್ಟು ಬಿಚ್ಚುವಾಗ, ಮಡಚುವ ಕುರ್ಚಿ ಧಡ್ ಎಂದು ಮಡಚಿಕೊಂಡು ಅವನ ಬೆಲ್ಟನ್ನು, ಬೆಲ್ಟಿನ ಜೊತೆ ಹೊಟ್ಟೆಯನ್ನೂ ಕಚ್ಚಿಕೊಂಡಿತು. ನಮ್ಮನೆಯವರು ಸುತ್ತ ನೋಡಿದರು. ಹೇಳಿ ಕಳಿಸೋಣವೆಂದರೆ ಯಾರೂ ಇಲ್ಲ. ಕೊನೆಗೆ ಬಗ್ಗಿ, ವರ್ಷಗಳ ನಂತರ ಅವನಿಗೆ ನೇರವಾಗಿ ಮೊದಲ ಮಾತು ಆಡಿದರು.

"ಹೊಟ್ಟೆ ಒಳಗೆ ಎಳ್ಕೊ."

"ಎಳ್ಕೊಂಡೇ ಇದ್ದೀನಿ."

"ಇದು ಎಳ್ಕೊಂಡಿರೋದಾ?"

ಬಿಡಿಸಲು ಒಂದು ಗಂಟೆ ಹಿಡಿಯಿತಂತೆ. ಒಂದು ಗಂಟೆ ಕುರ್ಚಿಯಡಿ ಮಲಗಿದವನ ಜೊತೆ ಎಷ್ಟು ಹೊತ್ತು ಬರೀ ಹೊಟ್ಟೆಯ ವಿಷಯ ಮಾತಾಡಲಾಗುತ್ತದೆ? ಹೆಡ್‌ಮೇಡಂ ವಿಷಯ ಬಂತು. ನಗು ಬಂತು. ನಕ್ಕಾಗ ಹೊಟ್ಟೆ ಕುಲುಕಿ ಬೆಲ್ಟು ತಾನಾಗಿಯೇ ಬಿಟ್ಟುಕೊಂಡಿತು.

ಸಂಜೆ ಕವರು ಒಯ್ಯಲು ಬಂದ ಷಡ್ಡಕ ಬಾಗಿಲಲ್ಲಿ ನಿಂತು ಹೊರಗೆ ಕೂಗಿದ. "ಅಣ್ಣಾ, ಇಪ್ಪತ್ತು ಕವರ್ ಇದೆ, ಚೀಲ ತನ್ನಿ."

ನಾನು ಚಕ್ರ ನಿಲ್ಲಿಸಿ ಬಾಗಿಲ ಕಡೆ ನೋಡಿದೆ. ಯಾರು ಅಣ್ಣ?

"ಬಂದೆ ಮಾರಾಯ," ಎಂದರು ನಮ್ಮನೆಯವರು.

ಆ ದಿನದಿಂದ ನನ್ನ ನೆಮ್ಮದಿ ಹಾರಿಹೋಯಿತು. ಬೆಲೆ ಪಾತಾಳದಲ್ಲಿದೆ. ಬಿದ್ದಾಗಲೆಲ್ಲ ಮಾರೋಣ ಎನ್ನುವ ಗಂಡ. ಅವರು ಎರಡೆಂದರೆ ನಾಲ್ಕೆನ್ನುತ್ತಿದ್ದ ಷಡ್ಡಕ ಈಗ ಹೌದಣ್ಣ ಎನ್ನುತ್ತಿದ್ದಾನೆ. ಎರಡು ಬೀಗದ ಕೈ ಒಂದೇ ಚೀಲ ಹಿಡಿದುಕೊಂಡು ಓಡಾಡುತ್ತಿವೆ. ನನ್ನ ಕೈಯಲ್ಲಿರುವ ಮೂರನೆಯದರಿಂದ ತೆರೆಯಲು ಸಹಾಯವಾದೀತೇ ಹೊರತು ತಡೆಯಲು ಆಗದು.

ಜಗಳ ಮತ್ತೆ ಹಚ್ಚಬೇಕು ಎಂದು ತೀರ್ಮಾನಿಸಿದೆ. ಮರುದಿನ ಇಬ್ಬರೂ ಊಟಕ್ಕೆ ಅಂಗಡಿಗೆ ಬಂದು ಎದುರೆದುರು ಕೂತಿದ್ದಾಗ, ಏನೂ ಅರಿಯದವಳ ಹಾಗೆ ಕೇಳಿದೆ. "ಒಬ್ಬ ಗಿರಾಕಿ ವಿಚಾರಿಸ್ತಿದ್ರು. ಸ್ಪ್ರಿಂಗ್ ಒಳ್ಳೇದಾ, ಫೋಮ್ ಒಳ್ಳೇದಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಕೆಳಗೆ ಸ್ಪ್ರಿಂಗು, ಮೇಲೆ ಫೋಮು," ಎಂದರು ಒಟ್ಟಿಗೆ, ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ.

ಷಡ್ಡಕನನ್ನು ಒಬ್ಬನೇ ಇರುವಾಗ ಹಿಡಿದೆ. "ನೀನು ಫೋಮು ಸೊಟ್ಟ ಕತ್ತರಿಸ್ತೀಯ ಅಂತ ಇವರು ಹೇಳ್ತಿದ್ರಪ್ಪ. ನನಗೆ ಬೇಜಾರಾಯ್ತು."

"ಹೌದತ್ತಿಗೆ, ಸ್ವಲ್ಪ ಸೊಟ್ಟಾನೇ. ಅಣ್ಣ ಹೇಳಿದ್ಮೇಲೆ ನನಗೂ ಗೊತ್ತಾಯ್ತು."

ಗಂಡನ ಬಳಿ ಹೋದೆ. "ನಿಮಗೆ ವಯಸ್ಸಾಯ್ತು, ಕೈ ನಡುಗುತ್ತೆ ಅಂತಾನೆ ನಿಮ್ಮ ಷಡ್ಡಕ."

"ಎಷ್ಟು ಕಾಳಜಿ ನೋಡು ಅವನಿಗೆ," ಎಂದರು.

ಅಂದೇ ತಂಗಿಯ ಫೋನು. "ಅಕ್ಕ, ಏನೇ ನಿಂದು? ಇಷ್ಟು ವರ್ಷದ ಮೇಲೆ ಗಂಡಸರು ಬಾಯಿಬಿಟ್ಟು ಮಾತಾಡ್ತಿದ್ದಾರೆ, ನೀನು ಮಧ್ಯೆ ಕಡ್ಡಿ ಗೀರ್ತಿದ್ದೀಯಂತೆ?"

"ದುಡ್ಡು ಹೋಗುತ್ತೆ ಕಣೇ!"

"ಯಾರ ದುಡ್ಡು?"

ಅವಳಿಗೆ ಬಿಡಿಸಿ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ. ಕನ್ನಡಕದಮ್ಮನ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಅವರು ಒಂದು ಕನ್ನಡಕವನ್ನು ಬೆಳಕಿಗೆ ಹಿಡಿದು ಒರೆಸುತ್ತಾ, ನನ್ನ ಮುಖ ನೋಡದೆ, "ಮನಸ್ತಾಪ ಮುಗಿದಿದ್ದಕ್ಕೆ ಅಳೋರನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದರು. ಅಷ್ಟೇ. ಬೇರೇನೂ ಹೇಳಲಿಲ್ಲ. ಸಾಮಾನ್ಯವಾಗಿ ಅಷ್ಟಕ್ಕೆ ಬಿಡುವವರಲ್ಲ ಅವರು.

ಕೆಲಸ ಮುಗಿಯುತ್ತಾ ಬಂದಂತೆ ಗುಸುಗುಸು ಹೆಚ್ಚಾಯಿತು. ನಾನು ಹತ್ತಿರ ಹೋದರೆ ಇಬ್ಬರೂ ಮೊಳೆ ಎಣಿಸತೊಡಗುತ್ತಿದ್ದರು. ಎಲ್ಲಕ್ಕಿಂತ ಕೆಟ್ಟ ಸೂಚನೆಯೆಂದರೆ ಬೆಳಗಿನ ವರದಿ ನಿಂತುಹೋಯಿತು. ಎರಡು ಬೆಳಿಗ್ಗೆ ಶಟರ್ ಎತ್ತಿದರು, ಬೆಲೆ ಹೇಳಲಿಲ್ಲ. ನಾನು ಮಾಡಬೇಕಾದ್ದು ಒಂದೇ ಉಳಿದಿತ್ತು.

ನಮ್ಮನೆಯವರು ಮಧ್ಯಾಹ್ನ ಊಟವಾದ ಮೇಲೆ ಗಿರಾಕಿಗಳ ಸೋಫಾದ ಮೇಲೆ ಅರ್ಧ ಗಂಟೆ ಮಲಗುತ್ತಾರೆ. "ಟೆಸ್ಟ್ ಮಾಡ್ತಿದ್ದೀನಿ" ಎಂದು ಅದಕ್ಕೆ ಹೆಸರು. ಅವರ ಗೊರಕೆ ಹದಕ್ಕೆ ಬಂದಾಗ ನಾನು ಮೆಲ್ಲಗೆ ಜೇಬಿನಿಂದ ಫೋನು ಎತ್ತಿ, ಮೆಷಿನ್ನಿನ ಮುಂದಿದ್ದ ಒಂದು ದಿಂಬಿನ ಹತ್ತಿಯೊಳಗೆ ತುರುಕಿ, ಬಾಯಿ ಹೊಲಿದುಬಿಟ್ಟೆ. ಬೆಲೆ ಚೇತರಿಸಿಕೊಳ್ಳುವವರೆಗೆ ಅಲ್ಲೇ ಇರಲಿ. ಫೋನಿಲ್ಲದೆ ಒಂದೆರಡು ತಿಂಗಳು ಮನುಷ್ಯ ಬದುಕಲಾರನೇ?

ಹೊಲಿದು ದಾರ ಕತ್ತರಿಸಿದ್ದೆ, ಅಷ್ಟೇ. ದಿಂಬು ರಿಂಗಾಯಿತು.

ಗೊರಕೆ ನಿಂತಿತು. ದಿಂಬನ್ನು ಎದೆಗವಚಿಕೊಂಡೆ. ಇನ್ನೂ ಜೋರಾಗಿ ರಿಂಗಾಯಿತು. ಹಿಂದುಗಡೆಯಿಂದ ಷಡ್ಡಕ, "ಅಣ್ಣಾ, ಫೋನು!" ಎಂದ. ನಮ್ಮನೆಯವರು ನಿದ್ದೆಗಣ್ಣಲ್ಲಿ ಜೇಬು ತಡಕಿ, ಮಲಗಿದ್ದ ಸೋಫಾ ತಡಕಿ, ಸೋಫಾದ ಅಡಿಗೆ ಬಗ್ಗಿದರು. ದಿಂಬಿನ ಮೇಲೆ ಕೂತುಕೊಂಡರೆ ಸದ್ದು ಅಡಗಬಹುದೆಂದು ಕೂತೆ. ಅದುರತೊಡಗಿತು. ಬೇರೆ ದಾರಿಯಿಲ್ಲದೆ ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚಿದೆ. ಹತ್ತಿಯ ಮಧ್ಯದಿಂದ ಫೋನು ಹೊರಗೆಳೆದು ಕಿವಿಗಿಟ್ಟುಕೊಳ್ಳುವಾಗ ಇಬ್ಬರು ಗಂಡಸರೂ ಎದುರು ನಿಂತು, ಹಸು ಹಾರಿದ್ದನ್ನು ಕಂಡವರ ಹಾಗೆ ನೋಡುತ್ತಿದ್ದರು.

"ಸಾರ್, ಮೆಷಿನ್ ಅಂಗಡಿಯಿಂದ," ಎಂದಿತು ಫೋನು. "ಪೂರ್ತಿ ದುಡ್ಡು ಬಂತು ಸಾರ್. ಎಣ್ಣೆ ಹಾಕಿ ರೆಡಿ ಮಾಡಿದ್ದೀವಿ. ನಾಳೆ ಬೆಳಿಗ್ಗೆ ಕಳಿಸ್ತೀವಿ. ಮೇಡಂಗೆ ಹೇಳಿಲ್ಲ ತಾನೇ?"

"ಈಗ ಹೇಳಿದ್ರಿ," ಎಂದು ಇಟ್ಟೆ.

ನನ್ನ ತಲೆ ಮೇಲೆ ಹತ್ತಿ, ಅವರ ತಲೆ ಮೇಲೆ ಮರದ ಪುಡಿ.

"ಮಾರಿದ್ರಾ?"

"ಮಾರಿದ್ವಿ," ಎಂದರು ಒಟ್ಟಿಗೆ.

"ಎಷ್ಟಕ್ಕೆ?"

ಒಟ್ಟಿಗೆ ಹೇಳುವ ಧೈರ್ಯ ಈಗ ಇರಲಿಲ್ಲ. ಷಡ್ಡಕ ನೆಲ ನೋಡಿದ. ನಮ್ಮನೆಯವರೇ ಹೇಳಿದರು. "ಅರವತ್ತೆರಡು."

"ಲಕ್ಷ ದಾಟಿದಾಗ ಮಾರದೇ ಇದ್ದೋರು ಅರವತ್ತೆರಡಕ್ಕೆ ಮಾರಿದ್ರಾ? ಬುದ್ಧಿ ಎಲ್ಲಿಟ್ಟಿದ್ರಿ? ಇನ್ನೊಂದು ವರ್ಷ ಕಾದಿದ್ರೆ..."

"ಕಾಯಬಹುದಿತ್ತು," ಎಂದರು ಅವರು. ಬಾಯಲ್ಲಿ ಮೊಳೆ ಇರಲಿಲ್ಲ. "ದುಡ್ಡು ಕಾಯುತ್ತೆ ಕಣೆ. ಅದಕ್ಕೇನು ನೋವಾ? ಒಂದು ತಿಂಗಳಿಂದ ನೋಡ್ತಿದ್ದೀನಿ. ತಲೆ ಎಡಗೈಲಿ ಬಾಚ್ಕೊತೀಯ. ಲೋಟ ಎರಡು ಕೈಲಿ ಎತ್ತುತ್ತೀಯ. ರಾತ್ರಿ ಹೊದಿಕೆ ಎಳ್ಕೊಳ್ಳೋಕೆ ನನ್ನ ಎಬ್ಬಿಸ್ತೀಯ. ಎರಡು ಲಕ್ಷ ಆದ್ಮೇಲೆ ಎರಡು ಮೆಷಿನ್ ತರ್ತೀವಿ, ಸರಿ. ಹೊಲಿಯೋಕೆ ಭುಜ ಯಾವ ಅಂಗಡೀಲಿ ತರೋದು?"

ಆದರೂ ಸಿಟ್ಟು ಇಳಿಯಲಿಲ್ಲ. "ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ ಅತ್ತಿಗೆ," ಎಂದ ಷಡ್ಡಕ. "ನೀವು ಆ ದುಡ್ಡನ್ನ ಕಾಯ್ತಾ ಕಾಯ್ತಾ ಮೆಷಿನ್ನೇ ಮರೆತುಬಿಟ್ಟಿದ್ರಿ. ಬೈಯೋದಿದ್ರೆ ನನಗೆ ಬೈಯಿರಿ. ಮೊದಲು ಒತ್ತಿದ್ದು ನಾನು."

"ಯಾರು ಹೇಳಿದ್ದು?" ನಮ್ಮನೆಯವರು ತಿರುಗಿದರು. "ಮೊದಲು ಒತ್ತಿದ್ದು ನಾನು."

"ಅಣ್ಣ, ನೀವು ಆಗ ಕನ್ನಡಕ ಹುಡುಕ್ತಿದ್ರಿ."

"ಕನ್ನಡಕ ಇಲ್ಲದೇನೇ ಒತ್ತಿದ್ದೆ!"

"ಹಾಗಾದ್ರೆ ಎಲ್ಲಿ ಒತ್ತಿದ್ರೋ, ಯಾರಿಗೆ ಗೊತ್ತು?"

"ನೋಡು, ಇವನಿಗೆ ಹೇಳು!" ನಮ್ಮನೆಯವರು ನನ್ನ ಕಡೆ ಕೈ ತೋರಿಸಿದರು. "ಅತ್ತಿಗೆ, ಅವರಿಗೆ ಹೇಳಿ!" ಎಂದ ಅವನೂ. ಒಂದು ತಿಂಗಳು ನಾನು ಏನೆಲ್ಲ ಮಾಡಿದರೂ ಹತ್ತದ ಜಗಳ, ದುಡ್ಡು ಹೋಗಿ ಎರಡು ದಿನವಾದ ಮೇಲೆ ಧಗ್ಗೆಂದು ಹತ್ತಿಕೊಂಡಿತು. ನನಗೆ ನಗು ತಡೆಯಲಾಗಲಿಲ್ಲ. ನಗುವಾಗ ಭುಜ ನೋಯಿತು.

ಗಲಾಟೆ ಕೇಳಿ ಕನ್ನಡಕದಮ್ಮ ಬಂದರು. "ಹೇಳಿದ್ರಾ ಅವಳಿಗೆ?" ಎಂದು ಗಂಡಸರನ್ನು ಕೇಳಿದರು.

"ನೀವೂ ಸೇರಿದ್ರಾ ಇದರಲ್ಲಿ?"

"ಇವರಿಬ್ಬರೇ ಮಾಡಿದ್ರೆ ದುಡ್ಡು ಇಷ್ಟು ಹೊತ್ತಿಗೆ ಯಾವ ದೇಶದಲ್ಲಿರ್ತಿತ್ತೋ. ನನ್ನ ಮೇಜಿನ ಮೇಲೇ ಕೂರಿಸಿಕೊಂಡು ಮಾಡಿಸಿದೆ. ಬೇಕಾದ ದಿನ ಮಾರಿ ಅಂತ ಮೊದಲೇ ಹೇಳಿರ್ಲಿಲ್ವಾ? ಬೇಕಾಗಿತ್ತು, ಮಾರಿದ್ರು." ಆಮೇಲೆ ನನ್ನ ಕೂದಲಿನಿಂದ ಹತ್ತಿ ತೆಗೆಯುತ್ತಾ, "ಬೆಲೆ ಕೆಟ್ಟದಿತ್ತು. ಅದು ನಿಜ," ಎಂದರು.

ಮರುದಿನ ಮೆಷಿನ್ನು ಬಂತು. ಹೊಸದಲ್ಲ, ಒಬ್ಬ ಬ್ಯಾಗು ಹೊಲಿಯುವವನ ಹತ್ತಿರ ಆರು ವರ್ಷ ದುಡಿದದ್ದು. ಹಸಿರು ಬಣ್ಣ, ಎಮ್ಮೆಯಷ್ಟು ತೂಕ. ಬಾಗಿಲಲ್ಲಿ ಅಡ್ಡಕ್ಕೆ ತರುವುದೋ ಉದ್ದಕ್ಕೆ ತರುವುದೋ ಎಂಬ ವಿಷಯಕ್ಕೆ ಗಂಡಸರು ಮತ್ತೊಂದು ಸುತ್ತು ವಾದ ಮಾಡಿದರು. ಅಷ್ಟರಲ್ಲಿ ತಂದ ಕೂಲಿಯವರೇ ಒಳಗಿಟ್ಟು ಹೋದರು. ನಾನು ರೆಕ್ಸಿನ್ನು ನಾಲ್ಕು ಪದರ ಮಡಚಿ ಕೊಟ್ಟೆ. ಪಾದ ಎತ್ತಿ, ಹೆಜ್ಜೆಯಿಟ್ಟು, ನಡೆದುಕೊಂಡು ಹೋಯಿತು. ಆರು ಪದರ ಕೊಟ್ಟೆ. ಅದಕ್ಕೂ ಹೋಯಿತು. ಮೂವರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತೆವು.

ಆಮೇಲಿನ ತಿಂಗಳಿಂದ ಸಂದಿ ದುಡ್ಡು ಮತ್ತೆ ಬಿಟ್‌ಕಾಯಿನ್‌ಗೇ ಹೋಗುತ್ತಿದೆ. ಈ ಸಲ ಷಡ್ಡಕನ ಗರಗಸಕ್ಕೆ. ಗರಗಸದ ಬೆಲೆ ಮುಟ್ಟಿದ ದಿನವೇ ಮಾರುವುದು, ಒಂದು ದಿನವೂ ಹೆಚ್ಚು ಕಾಯುವುದಿಲ್ಲ ಎಂದು ಮೂವರೂ ಒಪ್ಪಿದ್ದೇವೆ.

ಇನ್ನು ಹಳೆಯ ಚೂರುಗಳ ಲೆಕ್ಕ. ಸುಮಾರು ನಾಲ್ಕು ವರ್ಷದಲ್ಲಿ ಹಾಕಿದ್ದು ನಲವತ್ತಾರು ಸಾವಿರ. ಬಂದದ್ದು ಅರವತ್ತೆರಡು. ಲಾಭ ಹದಿನಾರು ಸಾವಿರ. ಆ ಹಸಿರು ಮೆಷಿನ್ನಿಗೆ ಎಂಬತ್ತೈದು ಕೊಟ್ಟೆವು. ಕಡಿಮೆಬಿದ್ದ ಇಪ್ಪತ್ತಮೂರು ಸಾವಿರ ಸಿನಿಮಾ ಮಂದಿರದ ಕೂಲಿಯಿಂದ ಹೋಯಿತು. ಮಾರಿದ ಹತ್ತು ತಿಂಗಳಿಗೆ ಬೆಲೆ ಏರಿತು. ಅದೇ ಚೂರುಗಳನ್ನು ಇಟ್ಟುಕೊಂಡಿದ್ದರೆ ಆ ದಿನ ಒಂದು ಲಕ್ಷ ನಲವತ್ತೆಂಟು ಸಾವಿರ ಆಗುತ್ತಿತ್ತು. ಎಂಬತ್ತಾರು ಸಾವಿರ ಕೈ ತಪ್ಪಿತು. ಆ ಹತ್ತು ತಿಂಗಳಲ್ಲಿ ನಾನು ನೂರ ನಲವತ್ತು ಸೋಫಾ ಹೊಲಿದೆ, ಮತ್ತು ಈಗ ಬಲಗೈಯಲ್ಲೇ ತಲೆ ಬಾಚಿಕೊಳ್ಳುತ್ತೇನೆ.